ಸೋತ ಮಾರನೆಯ ದಿನದ ಮೆರವಣಿಗೆ

ತೈನಾನ್, ಮೂರನೆಯ ದಿನ

ತೈವಾನಿಗೆ ಹೋಗಿ ನಾನು ಮಾಡಿದ ಮೊದಲ ಘನಕಾರ್ಯವೆಂದರೆ ಕಸ ಎಸೆದು ಸಿಕ್ಕಿಬಿದ್ದದ್ದು.

ಮಗಳು ಪವಿತ್ರ ಅಲ್ಲಿನ ತೈನಾನ್ ಎಂಬ ಹಳೆಯ ಊರಿನಲ್ಲಿ ಸೊಳ್ಳೆಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ನಮ್ಮ ಜೆ.ಪಿ. ನಗರದ ಸಾರಕ್ಕಿ ಕೆರೆಯ ಪಕ್ಕ ಹುಟ್ಟಿ ಬೆಳೆದವಳಿಗೆ ಸೊಳ್ಳೆ ಓದಲು ಸಮುದ್ರ ದಾಟಬೇಕಿತ್ತಾ ಎಂದು ನಾನು ಕೇಳಿದ್ದುಂಟು. ಅವಳು ಸ್ಕೂಟರಿನಿಂದ ಬಿದ್ದು ಪಾದದ ಮೂಳೆ ಮುರಿದುಕೊಂಡು, "ಅಮ್ಮ, ನೀನು ಬರೋದೇನೂ ಬೇಡ" ಎಂದು ಫೋನ್ ಮಾಡಿದಳು. ಬೇಡ ಎನ್ನುವುದಕ್ಕೇ ಫೋನ್ ಮಾಡಿದ್ದಾಳೆಂದರೆ ಬಾ ಎಂದೇ ಅರ್ಥ. ಯಜಮಾನರಿಗೆ ಆರು ವಾರಕ್ಕಾಗುವಷ್ಟು ಸಾರಿನ ಪುಡಿ, ಹುಳಿಪುಡಿ ಮಾಡಿಟ್ಟು, ಐವತ್ತಾರನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ವಿಮಾನ ಹತ್ತಿದೆ.

ಮೂರನೆಯ ದಿನ ಬೆಳಿಗ್ಗೆ ಅಡುಗೆಮನೆಯ ಕಸದ ಚೀಲ ತುಂಬಿತ್ತು. ತೆಂಗಿನ ಚಿಪ್ಪು, ಹುಣಸೆಹಣ್ಣಿನ ಗಸಿ, ಊರಿಂದ ಒಯ್ದಿದ್ದ ರವೆಯ ಖಾಲಿ ಪ್ಯಾಕೆಟ್ಟು. ಪಾಪ, ಕುಂಟುವ ಮಗಳನ್ನು ಏಕೆ ಎಬ್ಬಿಸಬೇಕು ಎಂದು ನಾನೇ ಕೆಳಗಿಳಿದು, ಓಣಿಯ ಮೂಲೆಯ ಲೈಟು ಕಂಬದ ಬುಡದಲ್ಲಿ ಇಟ್ಟು ಬಂದೆ. ನಮ್ಮ ಕಡೆ ಕಂಬದ ಬುಡ ಇರುವುದೇ ಅದಕ್ಕಲ್ಲವೇ! ಆ ಓಣಿ ಯಾಕೆ ಅಷ್ಟು ಚೊಕ್ಕಟವಾಗಿದೆ ಎಂದು ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು.

ಒಂಬತ್ತು ಗಂಟೆಗೆ ಬೆಲ್ ಆಯಿತು. ಬಾಗಿಲಲ್ಲಿ ಅರವತ್ತು ದಾಟಿದ, ಕತ್ತರಿಸಿದ ಕೂದಲಿನ, ಗುಬ್ಬಚ್ಚಿಯಂಥ ಒಬ್ಬ ಹೆಂಗಸು. ಅವರ ಕೈಯಲ್ಲಿ ನನ್ನ ಚೀಲ. ಬಾಗಿ ನಮಸ್ಕರಿಸಿ, ತಾಂಬೂಲ ಕೊಡುವ ಹಾಗೆ ಎರಡೂ ಕೈಯಲ್ಲಿ ಹಿಡಿದು ನನಗೇ ಕೊಟ್ಟರು. ಕನ್ನಡ ಅಕ್ಷರವಿದ್ದ ರವೆ ಪ್ಯಾಕೆಟ್ಟು ಚೀಲದೊಳಗಿಂದ ಇಣುಕುತ್ತಿತ್ತು. ಆ ಊರಿನಲ್ಲಿ ಇನ್ಯಾರ ಮನೆಯ ಕಸಕ್ಕೆ ಆ ಅಕ್ಷರ ಇರುತ್ತದೆ?

ಪವಿ ಊರುಗೋಲಿನಲ್ಲಿ ಕುಪ್ಪಳಿಸುತ್ತ ಬಂದು, ಅವರ ಮಾತು ಕೇಳಿ ಮುಖ ಕೆಂಪಗೆ ಮಾಡಿಕೊಂಡಳು.

"ಏನಮ್ಮ ನೀನು! ಇಲ್ಲಿ ಕಸ ನೆಲ ಮುಟ್ಟೋ ಹಾಗಿಲ್ಲ. ಸಂಜೆ ಲಾರಿ ಬರುತ್ತೆ, ನಾವೇ ಹೋಗಿ ಹಾಕ್ಬೇಕು."

"ಇವರು ಯಾರೇ?"

"ಶೂಚಿನ್. ಕೆಳಗಡೆ ಮನೆಯವರು, ನಮ್ಮ ಓನರ್. ಈ ಏರಿಯಾಗೆ ಲೀಜಾಂಗ್ ಇವರೇ. ಕಾರ್ಪೊರೇಟರ್ ಥರ ಅನ್ಕೋ, ಇನ್ನೂ ಚಿಕ್ಕದು. ಹತ್ತು ಹನ್ನೆರಡು ಬೀದಿಗೆ ಒಬ್ರು. ಓಟ್ ಹಾಕೇ ಆರಿಸ್ತಾರೆ."

ಕಾರ್ಪೊರೇಟರ್ ಎಂದ ಕೂಡಲೇ ನನ್ನ ಮುಖ ಹುಳ್ಳಗಾಯಿತು. ಆ ಪದಕ್ಕೂ ನನಗೂ ಹಳೆಯ ಜಗಳವಿದೆ.

ಸಂಜೆ ಲಾರಿ ಬಂತು, ಹಾಡು ಹಾಕಿಕೊಂಡೇ ಬಂತು. ನಮ್ಮ ಕಸದ ಆಟೋ ಹಾಡು ಕೇಳಿದರೆ ನಾವು ಒಳಗಿಂದ "ಬಂದೇ ಬಂದೇ" ಎಂದು ಕೂಗುತ್ತ ಕೂತಿರುತ್ತೇವೆ, ಇಲ್ಲಿ ಓಣಿಗೆ ಓಣಿಯೇ ಚೀಲ ಹಿಡಿದು ಮೊದಲೇ ನಿಂತಿತ್ತು. ಅವರ ನಡುವೆ ಶೂಚಿನ್. ಒಬ್ಬಾಕೆ ಬೀದಿ ದೀಪ ಹೋಗಿದೆ ಎಂದಳು, ಒಬ್ಬ ಮುದುಕ ಯಾವುದೋ ಸರ್ಕಾರಿ ಕಾಗದ ಓದಿಸಿಕೊಂಡ, ಇನ್ನೊಬ್ಬಳು ಸೊಸೆಯ ಮೇಲೆ ಚಾಡಿ ಹೇಳಿದಳು. ಅದು ಪವಿ ಅನುವಾದಿಸಬೇಕಾಗಿಯೇ ಇರಲಿಲ್ಲ, ಮುಖ ನೋಡಿದರೆ ತಿಳಿಯುತ್ತಿತ್ತು.

ಶೂಚಿನ್ ಮನೆಯ ಪಡಸಾಲೆ

ಲೀಜಾಂಗ್‌ಗೆ ಬೇರೆ ಆಫೀಸು ಅಂತ ಇಲ್ಲ. ಬೆಳಿಗ್ಗೆ ಷಟರ್ ಎತ್ತಿದರೆ ಅವರ ಮನೆಯ ಪಡಸಾಲೆಯೇ ಆಫೀಸು. ಒಂದು ದುಂಡು ಮೇಜು, ಸದಾ ಬಿಸಿ ಇರುವ ಚಹಾ, ಬಿ.ಪಿ. ನೋಡುವ ಮಿಷನ್. ಬಂದವರು ಮೊದಲು ತೋಳು ಚಾಚಿ ಬಿ.ಪಿ. ನೋಡಿಕೊಳ್ಳುತ್ತಾರೆ, ಆಮೇಲೆ ಮಾತು. ನಾನೂ ದಿನಾ ಹೋಗತೊಡಗಿದೆ. ನನಗೆ ಅವರ ಭಾಷೆ ಬಾರದು, ಅವರಿಗೆ ನನ್ನದು ಬಾರದು, ಪವಿ ಕಾಲು ಚಾಚಿ ನಡುವೆ ಕೂತು ದ್ವಿಭಾಷಿಯಾಗುತ್ತಿದ್ದಳು. ಊಟದ ವಿಷಯಕ್ಕೆ ಮಾತ್ರ ಜಗಳ. ಉಡುಪಿಯವರು ಸಾಂಬಾರಿಗೆ ಬೆಲ್ಲ ಹಾಕುತ್ತಾರೆಂದು ಜನ್ಮವಿಡೀ ಗೊಣಗಿದವಳು ನಾನು. ಈ ಊರಿನವರು ಮೀನಿನ ಸಾರಿಗೂ ಸಕ್ಕರೆ ಸುರಿಯುತ್ತಾರೆ! ನಾನು ಒಯ್ದು ಕೊಟ್ಟ ಹುರುಳಿಕಾಳಿನ ಬಸ್ಸಾರನ್ನು ಶೂಚಿನ್ ಒಂದು ಚಮಚ ಕುಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, "ಬಹಳ ಚೆನ್ನಾಗಿದೆ" ಎಂದು ಲೋಟ ದೂರ ಇಟ್ಟರು.

ಇನ್ನು ಮೂರು ವಾರಕ್ಕೆ ಚುನಾವಣೆ ಎಂದು ತಿಳಿದದ್ದು ಅಲ್ಲೇ. ಗೋಡೆಯ ಮೊಳೆಗಳಲ್ಲಿ ತೋಳಿಲ್ಲದ ಐದು ಕೋಟು ನೇತಾಡುತ್ತಿದ್ದವು. ಅಲ್ಲಿ ಚುನಾವಣೆಗೆ ನಿಂತವರು ಹೆಸರು, ನಂಬರು ಬರೆದ ಅಂಥ ಕೋಟು ಹಾಕಿಕೊಂಡೇ ತಿರುಗುತ್ತಾರೆ. ಐದೂ ಅವರವೇ, ಒಂದಕ್ಕಿಂತ ಒಂದು ಮಾಸಿದವು. ಆರನೆಯದು ಮೈಮೇಲಿತ್ತು.

"ಮೊದಲು ಬೆಳಗಿನ ತಿಂಡಿ ಮಾರ್ತಿದ್ರಂತೆ," ಪವಿ ಹೇಳಿದಳು. "ಮಳೆ ಬಂದ್ರೆ ಓಣಿಗೆಲ್ಲಾ ನೀರು ನುಗ್ತಿತ್ತಂತೆ. ಆಗಿನ ಲೀಜಾಂಗ್ ಇಪ್ಪತ್ತು ವರ್ಷದಿಂದ ಅವನೇ, ತಲೆ ಕೆಡಿಸ್ಕೊಳ್ತಿರಲಿಲ್ಲ. ತಿಂಡಿಗೆ ಬಂದೋರೆಲ್ಲಾ ನೀನೇ ನಿಂತ್ಕೋ ಅಂದ್ರಂತೆ. ನಿಂತ್ರು. ಸೋತ್ರು. ಆಮೇಲೆ ನಾಲ್ಕು ಸಲ ಗೆದ್ದಿದಾರೆ."

"ನಮ್ಮಮ್ಮನೂ ಎಲೆಕ್ಷನ್‌ಗೆ ನಿಂತಿದ್ರು" ಎಂದು ಈ ಹುಡುಗಿ ಅವರ ಭಾಷೆಯಲ್ಲಿ ಸೇರಿಸಿಯೂ ಬಿಟ್ಟಳಂತೆ. ಶೂಚಿನ್ ಕುರ್ಚಿಯಿಂದ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಹೇಳದೆ ಉಳಿಯುವಂತಿರಲಿಲ್ಲ, ಹೇಳಿದೆ.

ನಮ್ಮ ಯಜಮಾನರು ಹತ್ತು ವರ್ಷ ಪಕ್ಷದ ಟಿಕೆಟ್ಟಿಗೆ ಓಡಾಡಿದ್ದರು. ಆ ಸಲ ವಾರ್ಡು ಮಹಿಳೆಗೆ ರಿಸರ್ವ್ ಆಯಿತು. ಅವತ್ತು ಸಂಜೆ ಬಂದು, "ಗಿರಿಜಾ, ನಿನ್ ಹೆಸರು ಕೊಟ್ಟಿದೀನಿ, ಒಂದು ಫೋಟೋ ತೆಗೆಸ್ಕೊ" ಎಂದರು. ಕೆಟ್ಟ ಮನುಷ್ಯರಲ್ಲ, ಹಾಗೆ ಮಾಡುವುದೇ ರೂಢಿ ಎಂದುಕೊಂಡಿದ್ದರು, ನಾನೂ ಹಾಗೇ ಅಂದುಕೊಂಡೆ. ಫ್ಲೆಕ್ಸಿನಲ್ಲಿ ನನ್ನದು ಕೈ ಮುಗಿದ ಚಿಕ್ಕ ಫೋಟೋ, ಅವರದು ದೊಡ್ಡದು. ಪ್ರಚಾರದ ಗಾಡಿಯಲ್ಲಿ ಅವರು ಮೈಕು ಹಿಡಿದರು, ನಾನು ಪಕ್ಕದಲ್ಲಿ ಕೈ ಮುಗಿದು ನಿಂತೆ. ಎಣಿಕೆಯ ದಿನ ಮನೆಯಲ್ಲಿ ದೊಡ್ಡ ಪಾತ್ರೆ ತುಂಬ ಕೇಸರಿಬಾತ್ ಮಾಡಿಟ್ಟು ಕಾಯುತ್ತಿದ್ದೆ. "ಸೋತ್ವಿ" ಎಂದು ಫೋನ್ ಬಂತು. ಕೇಸರಿಬಾತನ್ನು ಯಾರೂ ಮುಟ್ಟಲಿಲ್ಲ.

ಸೋತದ್ದಕ್ಕಲ್ಲ ನನಗೆ ಉರಿ. ಯಾವ ಬೂತಿನಲ್ಲಿ ಎಷ್ಟು ಓಟು ಎಂಬ ಪಟ್ಟಿ ಬಂತು. ನಮ್ಮದೇ ಕ್ರಾಸಿನವರು ಓಟು ಹಾಕುವ ಬೂತಿನಲ್ಲಿ ನಾನು ಹಿಂದೆ ಬಿದ್ದಿದ್ದೆ. ಅಂದರೆ ದಿನಾ ಮುಖ ನೋಡುವವರೇ! ನನ್ನ ಅನುಮಾನ ಎದುರು ಮನೆಯ ಲಲಿತಕ್ಕನ ಮೇಲೆ ಹೋಯಿತು. ಲಲಿತಕ್ಕ ನನಗಿಂತ ಹತ್ತು ವರ್ಷ ದೊಡ್ಡವರು. ಪವಿ ಹುಟ್ಟಿದಾಗ ಕಾಲ ಮೇಲೆ ಹಾಕಿಕೊಂಡು ಎರೆದವರು. ಎಣಿಕೆಯಾದ ಮೇಲೆ ಅವರ ಮುಖದಲ್ಲೊಂದು ಮುಜುಗರ ಕಂಡೆ, ಅಷ್ಟೇ ಸಾಕಾಯಿತು. ಅಂದಿನಿಂದ ಅವರು ಏಳುವುದಕ್ಕೆ ಮೊದಲೇ ಬಾಗಿಲಿಗೆ ರಂಗೋಲಿ ಹಾಕಿ ಒಳಗೆ ಸೇರಿಕೊಳ್ಳುವುದು ಅಭ್ಯಾಸವಾಯಿತು. ಅವರ ಮಂಡಿ ಆಪರೇಷನ್ ಆದಾಗ ಹಣ್ಣು ಕಳಿಸಿದೆ, ನಾನು ಹೋಗಲಿಲ್ಲ. ಹೀಗೇ ಏಳು ವರ್ಷ.

ಶೂಚಿನ್ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು.

"ಮಾರನೇ ದಿನ ಥ್ಯಾಂಕ್ಸ್ ಹೇಳೋಕೆ ಹೋದಾಗ ಎದುರು ಮನೆಯವರು ಏನಂದ್ರು ಅಂತ ಕೇಳ್ತಿದಾರೆ, ಅಮ್ಮ."

"ಥ್ಯಾಂಕ್ಸಾ? ಸೋತೋರು ಯಾರಿಗೆ ಕಣೇ ಥ್ಯಾಂಕ್ಸ್ ಹೇಳ್ತಾರೆ? ಗೆದ್ದೋರೇ ಹೇಳಲ್ಲ!"

ಶೂಚಿನ್‌ಗೆ ಅರ್ಥವಾಗಲಿಲ್ಲ. ಎರಡು ಸಲ ಹೇಳಿಸಿಕೊಂಡರು. ಆಮೇಲೆ ನನ್ನ ಲೋಟಕ್ಕೆ ಚಹಾ ಬಗ್ಗಿಸಿದರು.

ಹೂಕುಂಡಗಳ ಓಣಿ

ಶೂಚಿನ್ ಜತೆ ಪ್ರಚಾರಕ್ಕೆ ತಿರುಗಲು ನನ್ನ ಕಾಲು ತುರಿಸುತ್ತಿತ್ತು. "ಅಮ್ಮ, ನಾವು ಹೊರಗಿನವರು. ಪ್ರಚಾರ ಗಿಚಾರ ಅಂತ ಹೋದ್ರೆ ನನ್ನ ವೀಸಾಗೆ ಕುತ್ತು" ಎಂದು ಮಗಳು ಬೆದರಿಸಿದಳು. ಹಾಗಾಗಿ ಪಡಸಾಲೆಯಲ್ಲಿ ಕೂತು ಸೀಬೆಹಣ್ಣು ಹೆಚ್ಚಿಕೊಟ್ಟೆ. ಪ್ರಚಾರವಲ್ಲದ ಒಂದು ಕೆಲಸಕ್ಕೆ ಮಾತ್ರ ಹೋಗಲು ಬಿಟ್ಟಳು, ಸೊಳ್ಳೆ ಹುಡುಕುವುದಕ್ಕೆ.

ಡೆಂಗಿ ಹೆಚ್ಚಿರುವ ಊರದು. ವಾರಕ್ಕೊಮ್ಮೆ ಶೂಚಿನ್ ಓಣಿ ಓಣಿ ಸುತ್ತಿ ಹೂಕುಂಡದ ತಟ್ಟೆ, ಹಳೆ ಬಕೆಟ್ಟು, ಟೈರು, ಎಲ್ಲ ತಿರುವಿ ನೋಡುತ್ತಾರೆ. ನಿಂತ ನೀರು ಕಂಡರೆ ಮನೆಯವರನ್ನು ಕರೆದು ಚೆಲ್ಲಿಸುತ್ತಾರೆ. ಚುನಾವಣೆಗೆ ಎಂಟು ದಿನ ಇರುವಾಗ ಒಬ್ಬ ಮುದುಕನ ಬಾಗಿಲಲ್ಲಿ ಜಗಳವೇ ಆಯಿತು. ಅವನು ಕುಂಡಗಳಲ್ಲಿ ತಾವರೆ ಬೆಳೆಸಿದ್ದ. ಶೂಚಿನ್ ಅವನ ಎದುರೇ ಮೂರು ಕುಂಡ ಬಗ್ಗಿಸಿ ನೀರು ಚೆಲ್ಲಿದರು. ಅವನು ಕೂಗಾಡಿ ದಢಾರನೆ ಕಿಟಕಿ ಹಾಕಿಕೊಂಡ.

"ಎಲೆಕ್ಷನ್ ಮುಗಿಯೋವರೆಗೆ ಸುಮ್ನಿರಬಾರ್ದಾ ಅಂತ ಕೇಳೇ" ಎಂದೆ.

ಪವಿ ಕೇಳಿ, ನಕ್ಕು, ಹೇಳಿದಳು. "ಸೊಳ್ಳೆಗೆ ಎಲೆಕ್ಷನ್ ಗೊತ್ತಾಗಲ್ವಂತೆ."

ಎದುರಾಳಿ ಎರಡು ಓಣಿ ಆಚೆಯ ಔಷಧಿ ಅಂಗಡಿಯ ಯುವಕ. ಒಳ್ಳೆಯವನು. ಯಾರ ಕುಂಡಕ್ಕೂ ಕೈ ಹಾಕಿದವನಲ್ಲ. ಬಂದವರಿಗೆಲ್ಲ ಅವನ ಬಗ್ಗೆ ಶೂಚಿನ್ ತಾವೇ ಒಳ್ಳೆಯ ಮಾತಾಡುತ್ತಿದ್ದರು. ಆದರೆ ಒಂದು ಮಧ್ಯಾಹ್ನ, ಯಾರೂ ಇಲ್ಲದಾಗ, ಮೇಜಿನ ಮೇಲೆ ಕೈಯಾಡಿಸುತ್ತ ಕೂತಿದ್ದರು. ಗಂಡ ಹೋಗಿ ಆರು ವರ್ಷ, ಮಕ್ಕಳಿಲ್ಲ. ಷಟರ್ ಎತ್ತಿದರೆ ಯಾರಾದರೂ ಒಳಗೆ ಬರುತ್ತಾರೆ, ಅದಕ್ಕೇ ಬೆಳಿಗ್ಗೆ ಏಳುತ್ತೇನೆ ಎಂದರು. ಸೋತರೆ ಯಾರು ಬರುತ್ತಾರೆ? ಪವಿ ಇದನ್ನು ನನ್ನ ಕಡೆ ನೋಡದೆ ಕನ್ನಡಕ್ಕೆ ತಂದಳು. ನಾನು ಅವರ ಕೈ ಮೇಲೆ ಕೈ ಇಟ್ಟೆ. ಅನುವಾದ ಬೇಕಾಗಲಿಲ್ಲ.

ಶನಿವಾರ, ಶಾಲೆಯ ಕೋಣೆ

ಅಲ್ಲಿ ನಾಲ್ಕು ಗಂಟೆಗೆ ಮತದಾನ ಮುಗಿದರೆ ಅಲ್ಲೇ, ಆಗಲೇ, ಎಲ್ಲರೆದುರೇ ಎಣಿಕೆ. ಯಾರು ಬೇಕಾದರೂ ನಿಂತು ನೋಡಬಹುದು. ನಮ್ಮಲ್ಲಿ ಎಣಿಕೆ ಎಂದರೆ ಪೊಲೀಸು, ಬ್ಯಾರಿಕೇಡು, ಗೇಟಿನಾಚೆ ಪಟಾಕಿ ಹಿಡಿದು ನಿಂತವರು. ಇಲ್ಲಿ ಶಾಲೆಯ ಕೋಣೆಯ ಕಿಟಕಿಯಲ್ಲಿ ನಾನು ಸೆರಗು ಸಿಕ್ಕಿಸಿಕೊಂಡು ನಿಂತು ನೋಡಿದೆ, ಒಬ್ಬರೂ ನೀನ್ಯಾರು ಎನ್ನಲಿಲ್ಲ.

ಒಬ್ಬಾಕೆ ಪೆಟ್ಟಿಗೆಯಿಂದ ಒಂದೊಂದೇ ಚೀಟಿ ತೆಗೆದು, ಬಿಡಿಸಿ, ತಲೆಯ ಮೇಲೆ ಎತ್ತಿ ಎಲ್ಲರಿಗೂ ತೋರಿಸಿ ನಂಬರು ಕೂಗುತ್ತಾಳೆ. ಗೋಡೆಯ ದೊಡ್ಡ ಕಾಗದದ ಮೇಲೆ ಇನ್ನೊಬ್ಬ ಒಂದು ಗೆರೆ ಎಳೆಯುತ್ತಾನೆ. ಐದು ಗೆರೆ ಸೇರಿದರೆ ಅವರ ಲಿಪಿಯ ಒಂದು ಅಕ್ಷರ. ಹೀಗೆ ಓಟು ಒಂದೊಂದಾಗಿ ಕಣ್ಣೆದುರು ಬರುವುದನ್ನು ನಾನು ನೋಡಿಯೇ ಇರಲಿಲ್ಲ. ನನಗೆ ಓಟೆಂದರೆ ಬೂತು ಪಟ್ಟಿಯಲ್ಲಿದ್ದ ಅಂಕಿ, ಅದೂ ನನ್ನನ್ನು ಅಣಕಿಸುವ ಅಂಕಿ. ಇಲ್ಲಿ ಪ್ರತಿ ಚೀಟಿಯೂ ಯಾರೋ ಒಬ್ಬರು ಮನೆಯಿಂದ ಹೊರಟು, ನಡೆದು ಬಂದು, ಒತ್ತಿಹೋದ ಮುದ್ರೆ.

ಶೂಚಿನ್ ಎರಡನೇ ನಂಬರು. "ಎರಡು, ಎರಡು, ಒಂದು, ಎರಡು" ಎಂದು ಪವಿ ಪಿಸುಗುಡುತ್ತಿದ್ದಳು. ಬನಶಂಕರಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚುತ್ತೇನೆಂದು ಹರಕೆ ಹೊತ್ತೆ. ತೈವಾನಿನ ವಾರ್ಡು ಅಮ್ಮನ ವ್ಯಾಪ್ತಿಗೆ ಬರುತ್ತದೋ ಇಲ್ಲವೋ. ಕೊನೆಯ ಅರ್ಧ ಗಂಟೆಯಲ್ಲಿ ಒಂದನೇ ನಂಬರಿನ ಗೆರೆಗಳು ಮುಂದೆ ಹೋದವು. ಕಡೆಗೆ ಬಹಳ ಸಣ್ಣ ಅಂತರ. ನಮ್ಮ ಓಣಿಯ ಓಟೂ ಅದೇ ಕೋಣೆಯದು. ತಮ್ಮ ತಮ್ಮ ಬೂತಿನಲ್ಲೇ ಸೋತ ಇಬ್ಬರು ಹೆಂಗಸರು ಅಕ್ಕಪಕ್ಕ ನಿಂತಿದ್ದೆವು.

ಅತ್ತದ್ದು ನಾನು. ಶೂಚಿನ್ ಒಳಗೆ ಹೋಗಿ ಎಣಿಸಿದವರಿಗೆಲ್ಲ ಬಾಗಿ ನಮಸ್ಕರಿಸಿ ಬಂದರು. ಆಮೇಲೆ ಪವಿಗೆ ಏನೋ ಹೇಳಿದರು.

"ನಾಳೆ ಬೆಳಿಗ್ಗೆ ಎಂಟಕ್ಕೆ ಗಾಡಿ ಬರುತ್ತಂತೆ. ಎಲೆಕ್ಷನ್ ಮುಗೀತಲ್ಲ, ಈಗ ನೀನೂ ಬರಬಹುದಾ ಅಂತ ಕೇಳ್ತಿದಾರೆ."

ಭಾನುವಾರದ ಗಾಡಿ

ಸೊಪ್ಪು ತರಕಾರಿ ಮಾರುವವರ ಗಾಡಿಯಂಥದ್ದು, ತೆರೆದ ಹಿಂಭಾಗ. ಮುಂದೆ ಡ್ರೈವರ್ ಪಕ್ಕ ಪವಿ ಪ್ಲಾಸ್ಟರಿನ ಕಾಲು ಚಾಚಿಕೊಂಡು, ಹಿಂದೆ ಶೂಚಿನ್ ಮತ್ತು ನಾನು. ಅದೇ ಕೋಟು, ಭುಜದ ಮೇಲೊಂದು ಕೆಂಪು ಪಟ್ಟಿ, ಅದರ ಮೇಲೆ 'ಧನ್ಯವಾದ' ಎಂದು ಬರೆದಿದೆಯಂತೆ. ಇದು ಅಲ್ಲಿಯ ಪದ್ಧತಿ. ಗೆದ್ದವರೂ ಸೋತವರೂ ಮಾರನೆಯ ದಿನ ಓಟುದಾರರಿಗೆ ಕೈ ಮುಗಿದು ಬರಬೇಕು. ಗೆದ್ದವರಾದರೆ ಸರಿ, ಸೋತವರು ಯಾವ ಮುಖ ಹೊತ್ತು ಹೋಗುತ್ತಾರೆ ಎಂದುಕೊಂಡೆ. ಸೋತವಳು ನಾನೇ ಎನ್ನುವ ಹಾಗೆ ಬೆವರಿದೆ.

ಶೂಚಿನ್ ಮೈಕು ಹಿಡಿದರು. "ಧನ್ಯವಾದ. ನನ್ನ ಕೆಲಸ ಸಾಲದಾಯಿತು, ಕ್ಷಮಿಸಿ. ಹದಿನಾರು ವರ್ಷಕ್ಕೆ ಧನ್ಯವಾದ." ಇಷ್ಟೇ, ಮತ್ತೆ ಮತ್ತೆ. ಬಾಗಿಲುಗಳು ತೆರೆದವು. ಸೊಸೆಯ ಮೇಲೆ ಚಾಡಿ ಹೇಳಿದ್ದಾಕೆ ಓಡಿ ಬಂದು ಸೀಬೆಹಣ್ಣಿನ ಚೀಲ ತುರುಕಿದಳು. ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ನಾಚಿ ತಲೆ ತಗ್ಗಿಸಿದರು. ಆ ನಾಚಿದ ಮುಖಗಳನ್ನು ನಾನು ಬಲ್ಲೆ. ಲಲಿತಕ್ಕನ ಮುಖದಲ್ಲಿ ಕಂಡದ್ದು ಅದೇ. ಶೂಚಿನ್ ಅಂಥವರಿಗೇ ಇನ್ನಷ್ಟು ಆಳಕ್ಕೆ ಬಾಗಿದರು.

ತಾವರೆಯ ಮುದುಕನ ಮನೆ ಬಂತು. ಕಿಟಕಿ ಮುಚ್ಚಿತ್ತು. ಗಾಡಿ ನಿಲ್ಲಿಸಿ, ಮುಚ್ಚಿದ ಕಿಟಕಿಗೆ ನಮಸ್ಕಾರ ಮಾಡಿದರು.

"ಅವನಂತೂ ಇವರಿಗೆ ಹಾಕಿರಲ್ಲ, ಬಿಡು!" ಎಂದೆ ನಾನು.

ಪವಿ ಕೇಳಿ ತಿರುಗಿ ಹೇಳಿದಳು. "ಹೌದಂತೆ, ಹಾಕಿರಲ್ಲ. ಆದ್ರೆ ಕೋಲು ಊರ್ಕೊಂಡು ಶಾಲೆ ತನಕ ನಡ್ಕೊಂಡು ಬಂದಿದ್ರಲ್ಲ ಅಂತಿದಾರೆ. ಈ ಓಣಿ ಬಗ್ಗೆ ಅವರಿಗೂ ಕಾಳಜಿ ಇರೋದಕ್ಕೇ ಅಲ್ವಾ ಬಂದದ್ದು ಅಂತ."

ಮುಂದಿನ ತಿರುವಿನಲ್ಲಿ ಔಷಧಿ ಅಂಗಡಿಯವನ ಗಾಡಿ ಎದುರಾಯಿತು. ಇಬ್ಬರೂ ಇಳಿದರು. ಇವರು ಬಾಗಿದರು, ಅವನು ಇನ್ನೂ ಬಾಗಿದ. ಯಾರ್‍ಯಾರ ಮನೆಯಲ್ಲಿ ಒಂಟಿ ಮುದುಕರಿದ್ದಾರೆ ಎಂದು ಶೂಚಿನ್ ಅಲ್ಲೇ ಬೆರಳು ಮಡಚಿ ಹೇಳತೊಡಗಿದರು. ಅವನು ಫೋನು ತೆಗೆದು ಬರೆದುಕೊಂಡ. ಹೊರಡುವಾಗ, ಸೋಮವಾರದಿಂದ ನಿಮ್ಮ ಪಡಸಾಲೆಗೇ ಬಂದು ಕೂರುತ್ತೇನೆ, ಕಲಿಸಿಕೊಡಿ ಎಂದನಂತೆ. ಆಗ ಮಾತ್ರ ಶೂಚಿನ್ ಕಣ್ಣೊರೆಸಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಅವರ ಗಂಟಲು ಕೂತುಹೋಯಿತು. ಮೈಕನ್ನು ಸೀದಾ ನನ್ನ ಕೈಗೆ ಕೊಟ್ಟುಬಿಟ್ಟರು. ಅಯ್ಯೋ ದೇವರೇ! ನನ್ನದೇ ಚುನಾವಣೆಯಲ್ಲಿ ಮೈಕು ಮುಟ್ಟಿದವಳಲ್ಲ ನಾನು. ನನಗೆ ಬರುತ್ತಿದ್ದದ್ದು ಅವರ ಭಾಷೆಯ ಒಂದೇ ಮಾತು, ಧನ್ಯವಾದ. "ಶ್ಯೆ ಶ್ಯೆ" ಎಂದೆ. ನನ್ನ ದನಿ ಓಣಿಯ ಗೋಡೆಗೆ ಬಡಿದು ನನಗೇ ಕೇಳಿಸಿತು. ಇನ್ನೊಮ್ಮೆ ಎಂದೆ, ಗಟ್ಟಿಯಾಗಿ. ಮಹಡಿಯ ಮೇಲಿಂದ ಯಾರೋ ಕೈ ಬೀಸಿದರು. ಕಡೆಯ ಓಣಿ ಮುಗಿಯುವವರೆಗೂ ಮೈಕು ವಾಪಸ್ ಕೊಡಲಿಲ್ಲ.

ಜೆ.ಪಿ. ನಗರ, ನಮ್ಮ ಕ್ರಾಸ್

ಹಿಂತಿರುಗಿದ ಮಾರನೆಯ ಬೆಳಿಗ್ಗೆ ಬಾಗಿಲು ಸಾರಿಸಿ ರಂಗೋಲಿ ಹಾಕಿದೆ. ಒಳಗೆ ಹೋಗಲಿಲ್ಲ. ಎದುರು ಗೇಟು ನೋಡುತ್ತ ನಿಂತೆ. ಸ್ವಲ್ಪ ಹೊತ್ತಿಗೆ ಲಲಿತಕ್ಕ ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದು ಮೆಲ್ಲಗೆ ಹೊರಗೆ ಬಂದರು. ಆಪರೇಷನ್ ಆದ ಮಂಡಿ ಇನ್ನೂ ಪೂರ್ತಿ ಮಡಚುವುದಿಲ್ಲ ಎಂದು ಆಗ ಗೊತ್ತಾಯಿತು. ಎದುರು ಮನೆಯಲ್ಲಿದ್ದೂ ನನಗದು ಗೊತ್ತಿರಲಿಲ್ಲ.

ರಸ್ತೆ ದಾಟಿದೆ.

"ಲಲಿತಕ್ಕ, ಥ್ಯಾಂಕ್ಸ್ ಹೇಳೋಕೆ ಬಂದೆ."

ಅವರು ನನ್ನನ್ನೇ ನೋಡಿದರು. "ಯಾತಕ್ಕೇ?"

"ಅವತ್ತು ಓಟ್ ಹಾಕೋಕೆ ಬಂದಿದ್ರಲ್ಲ, ಅದಕ್ಕೆ. ಅವತ್ತೇ ಬರಬೇಕಿತ್ತು. ಲೇಟಾಯ್ತು."

ಚೊಂಬು ಕೆಳಗಿಟ್ಟರು.

"ನಾನು ನಿಂಗೆ ಹಾಕ್ಲಿಲ್ಲ ಕಣೇ."

"ಗೊತ್ತು, ಅಕ್ಕ."

"ಏನ್ ಗೊತ್ತು ನಿಂಗೆ? ನಿನ್ ಗಂಡ ಬಂದ, ಕರಪತ್ರ ಕೊಟ್ಟ, ಹೋದ. ನೀನು ಗಾಡಿ ಮೇಲೆ ಗೊಂಬೆ ಥರ ಕೈ ಮುಗ್ದುಕೊಂಡು ಹೋದೆ. ಮೂವತ್ತು ವರ್ಷದಿಂದ ಎದುರು ಮನೇಲಿದೀನಿ. ಒಂದ್ಸಲ ರಸ್ತೆ ದಾಟಿ ಬಂದು 'ಅಕ್ಕ, ನಂಗೆ ಹಾಕಿ' ಅನ್ನೋಕೆ ಆಗ್ಲಿಲ್ವಾ ನಿಂಗೆ? ನೀನೇ ಕೇಳದೇ ಇರೋ ಓಟು ನಾನ್ಯಾಕೆ ಹಾಕ್ಲಿ?" ದನಿ ಒಡೆಯಿತು. "ಆಮೇಲಾದ್ರೂ ಬರ್ತೀಯ ಅಂತ ಕಾದೆ."

ಏಳು ವರ್ಷ ನಾನು ಕಟ್ಟಿಕೊಂಡಿದ್ದ ಸಿಟ್ಟು ಯಾರ ಮೇಲೆ ಇರಬೇಕಿತ್ತೋ ಅಲ್ಲಿಗೆ, ನನ್ನ ಮೇಲೇ, ಬಂದು ಕೂತಿತು. ಅವರ ಕೈ ಹಿಡಿದುಕೊಂಡೆ. ಇಬ್ಬರೂ ಅತ್ತೆವು. ಹಾಲಿನವನು ಗಾಬರಿಯಾಗಿ ಸೈಕಲ್ ನಿಲ್ಲಿಸಿ ನೋಡಿ ಹೋದ.

ನಮ್ಮ ಊರಿನ ಮುಂದಿನ ವಾರ್ಡು ಚುನಾವಣೆ ಇವತ್ತು ನಾಳೆ ಎಂದು ಹೇಳುತ್ತಲೇ ಇದ್ದಾರೆ. ಯಜಮಾನರು ಗೇಟಿನಿಂದ ಇಣುಕಿ, "ಏನೇ ಅದು, ಕಾಫಿ ಇಲ್ವಾ?" ಎಂದರು.

"ಡಿಕಾಕ್ಷನ್ ಇಳಿದಿದೆ, ಹಾಲು ಬೆರೆಸ್ಕೊಳ್ಳಿ. ಈ ಕ್ರಾಸಿನಲ್ಲಿ ಇನ್ನೂ ಹದಿನೇಳು ಮನೆಗೆ ಥ್ಯಾಂಕ್ಸ್ ಹೇಳೋದಿದೆ ನಂಗೆ" ಎಂದು ಹೇಳಿ ಹೊರಟೆ.

"ನಿಲ್ಲೇ ಗಿರಿಜಾ," ಹಿಂದಿನಿಂದ ಲಲಿತಕ್ಕ ಕೂಗಿದರು. "ಚಪ್ಪಲಿ ಹಾಕ್ಕೊಂಡು ಬರ್ತೀನಿ. ಇಷ್ಟು ಬೆಳಿಗ್ಗೆ ನಿಂಗೊಬ್ಬಳಿಗೆ ಯಾರು ಬಾಗಿಲು ತೆಗೀತಾರೆ?"